ಒಂದು ಗುಳಿಗೆಯ ವಿಚಾರ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಮಾತನಾಡುವವರು ಸಾಮಾನ್ಯವಾಗಿ ವಿದ್ವಾಂಸರು, ಇಲ್ಲವೇ ಊರ ಕಡೆಯಿಂದ ದಯಮಾಡಿಸಿದ ದೊಡ್ಡವರು. ನಾವು ಈ ಎರಡು ಪಂಕ್ತಿಗೂ ಸೇರಿದವರಲ್ಲ. ಗಿರಣಿಯಲ್ಲಿ ಹಾಜರಿ ಮತ್ತು ಕೂಲಿಯ ಲೆಕ್ಕ ಬರೆಯುವ ಗುಮಾಸ್ತರು. ನಮ್ಮ ಓದು ಮೆಟ್ರಿಕ್ಯುಲೇಷನ್ನಿಗೆ ನಿಂತಿತು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಟ್ಟು ಪಡೆಯುವುದು, ಬೇಕೆಂದವರಿಗೆ ಅರ್ಜಿ ಕಾಗದಗಳನ್ನು ಬರೆದು ಓದಿ ಹೇಳುವುದು ನಮ್ಮ ಪಾಲಿನ ಸೇವೆ. ಅಂಥವರು ಔಷಧ ರಸಾಯನದ ಮೇಲೆ ಭಾಷಣ ಮಾಡುತ್ತಾರೆಂದು ಸೂಚನೆಯ ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರು. ನಗತಕ್ಕದ್ದೇ. ಆದರೆ ಈ ವಿಷಯವನ್ನು ನಾವಾಗಿ ಆರಿಸಿಕೊಳ್ಳಲಿಲ್ಲ. ನಮ್ಮದೊಂದು ತಪ್ಪು ನಮ್ಮನ್ನು ಇದರ ಮುಂದೆ ತಂದು ನಿಲ್ಲಿಸಿತು. ಮೊದಲು ಆ ತಪ್ಪನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಂಡು, ಬಳಿಕ ವಿಷಯಕ್ಕೆ ಬರುತ್ತೇವೆ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ರಾಯಚೂರು ಸೀಮೆಯ ಸೋದರರೊಬ್ಬರು ಇಲ್ಲಿಗೆ ಬಂದರು. ಕಟ್ಟಡದ ಕೆಲಸ ಮಾಡುವವರು; ವ್ಯಾಸರಪಾಡಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಅವರ ಮನೆಯಾಕೆಗೆ ಗರ್ಭಕೋಶದ ಬಾಯಿಯಲ್ಲಿ ಗಡ್ಡೆಯಾಗಿ ನಗರದ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಕಿರಣಗಳ ಚಿಕಿತ್ಸೆ, ಅದರೊಡನೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಮದ್ದನ್ನು ರಕ್ತನಾಳಕ್ಕೆ ಏರಿಸುವುದು, ಹೀಗೆ ಐದು ವಾರ. ಮೊದಲ ವಾರದ ಮದ್ದು ಏರಿಸಿದ ದಿನ ಸಂಜೆ ಅವರು ಗುಳಿಗೆಗಳ ಪಟ್ಟಿಯೊಂದನ್ನೂ ಇಂಗ್ಲಿಷಿನ ಚೀಟಿಯನ್ನೂ ತಂದು ನಮ್ಮ ಮುಂದಿಟ್ಟರು.

“ಅಣ್ಣಾರ, ಇದು ವಾಂತಿ ಗುಳಿಗಿ ಅಂತ್ರಿ. ಯಾವಾಗ ನುಂಗಬೇಕು ಅಂತ ಬರದಾರ, ಸ್ವಲ್ಪ ಓದಿ ಹೇಳ್ರಿ” ಎಂದರು.

ಚೀಟಿಯಲ್ಲಿ ಔಷಧದ ಹೆಸರಿತ್ತು. ಅದರ ಮುಂದೆ ಎರಡು ಮೂರು ಸಂಕ್ಷೇಪಾಕ್ಷರಗಳು, ಒಂದು ಅಂಕೆ. ಆ ಬರಹವನ್ನು ಬಿಡಿಸಲು ನಮ್ಮಿಂದಾಗಲಿಲ್ಲ. ಆಗಲಿಲ್ಲವೆಂದು ಹೇಳಬೇಕಾಗಿತ್ತು. ಎದುರಿಗೆ ನಾಲ್ಕು ಜನ ಕಾದಿದ್ದರು; ಗುಮಾಸ್ತನ ಅಭಿಮಾನ ಅಡ್ಡ ಬಂತು. ಜ್ವರದ ಗುಳಿಗೆಯನ್ನು ಜ್ವರ ಬಂದಾಗ ನುಂಗುವಂತೆ ವಾಂತಿಯ ಗುಳಿಗೆಯನ್ನು ವಾಂತಿ ಬಂದಾಗ ನುಂಗತಕ್ಕದ್ದೆಂದು ನಾವೇ ತೀರ್ಮಾನಿಸಿ, ಚೀಟಿಯ ಹಿಂಬದಿಯಲ್ಲಿ ‘ವಾಂತಿ ಬಂದರೆ ಒಂದು’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆವು. ಅವರು ಕೈಮುಗಿದು ಹೋದರು.

ಆ ಸಂಜೆ ಆ ತಾಯಿ ಚೆನ್ನಾಗಿಯೇ ಇದ್ದರಂತೆ. ನಮ್ಮ ಬರಹದಂತೆ ಗುಳಿಗೆಯನ್ನು ಮುಟ್ಟಲಿಲ್ಲ. ನಡುರಾತ್ರಿಯಲ್ಲಿ ವಾಂತಿ ಶುರುವಾಯಿತು. ಆಗ ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದೆ ಹಾಗೆಯೇ ಹೊರಗೆ ಬಂತು. ಎರಡು ದಿನ ನೀರು ಕೂಡ ನಿಲ್ಲಲಿಲ್ಲ. ಮುಂದಿನ ಮದ್ದಿನ ದಿನ ಹತ್ತಿರವಾದಾಗ ಅವರು ಮತ್ತೆ ಬಂದರು. ಈ ಸಲ ಕೈಯಲ್ಲಿ ಚೀಟಿ ಇರಲಿಲ್ಲ. ಸೆಂಟ್ರಲ್ ನಿಲ್ದಾಣದಿಂದ ರಾಯಚೂರಿಗೆ ರೈಲು ಎಷ್ಟು ಹೊತ್ತಿಗೆ ಎಂದು ಕೇಳುವುದಕ್ಕೆ ಬಂದಿದ್ದರು.

“ಆಕಿ ಇನ್ನ ಬರಾಂಗಿಲ್ಲ ಅಂತಾಳ್ರಿ. ಸತ್ತರ ಊರಾಗ ಸಾಯ್ತೀನಿ, ಈ ವಾಂತಿ ಸಂಕಟ ಬ್ಯಾಡ ಅಂತಾಳ.”

ಗುಳಿಗೆ ಹೇಗೆ ಕೊಟ್ಟಿರಿ ಎಂದು ಕೇಳಿದೆವು. ‘ನೀವು ಬರದಂಗ’ ಎಂದರು. ಆಗ ನಮಗೆ ಸಂದೇಹ ಹುಟ್ಟಿತು. ಮರುದಿನ ಅರ್ಧ ದಿನದ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮನವರು ಚೀಟಿಯ ಎರಡು ಬದಿಯನ್ನೂ ನೋಡಿದರು. ಹಿಂಬದಿಯ ಬರಹ ನಮ್ಮದೆಂದು ನಾವೇ ಹೇಳಿದೆವು. ಅವರು ಗದರಲಿಲ್ಲ. ‘ಈ ಗುಳಿಗೆಯನ್ನು ಗಡಿಯಾರ ನೋಡಿ ನುಂಗಬೇಕು, ವಾಂತಿ ನೋಡಿ ಅಲ್ಲ. ನಾವು ಬೆಳಿಗ್ಗೆ ಮದ್ದಿಗೆ ಮುಂಚೆ ಇದನ್ನೇ ರಕ್ತಕ್ಕೆ ಕೊಟ್ಟಿರುತ್ತೇವೆ. ಸಂಜೆಗೆ ಅದರ ಬಲ ಇಳಿಯುತ್ತದೆ. ಇಳಿಯುವ ಮೊದಲೇ ಮನೆಯಲ್ಲಿ ಗುಳಿಗೆ ನುಂಗಬೇಕು. ವಾಂತಿ ಇರಲಿ ಬಿಡಲಿ ಮೂರು ದಿನ ನುಂಗಬೇಕು’ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಗಡ್ಡೆಗೇ ಲಾಭವೆಂದೂ ತಿಳಿಸಿದರು. ನಾವು ಕನ್ನಡದಲ್ಲಿ ಹೇಳಿದೆವು. ಆ ತಾಯಿ ನಮ್ಮ ಮುಖ ನೋಡಿ, “ಹೋಗಲಿ ಬಿಡಣ್ಣ, ಈಗ ಸರಿಯಾಗಿ ಬರದು ಕೊಡು” ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಎರಡನೆಯ ವಾರ ಒಂದೇ ಸಲ ವಾಂತಿಯಾಯಿತು. ಮರುದಿನ ಗಂಜಿ ನಿಂತಿತು. ಐದು ವಾರವೂ ಮುಗಿಯಿತು. ಅದೇ ಗುಳಿಗೆ, ಅದೇ ಮದ್ದು, ವ್ಯತ್ಯಾಸವೆಲ್ಲ ಹೊತ್ತಿನಲ್ಲಿತ್ತು. ಹೊತ್ತಿನಿಂದ ಇಷ್ಟು ಅಂತರವಾಗುವುದು ಹೇಗೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವಾಚನಾಲಯದ ಕಪಾಟಿನಲ್ಲಿದ್ದ ಪುಸ್ತಕಗಳನ್ನು ತೆಗೆದೆವು. ಔಷಧಶಾಸ್ತ್ರ ಓದಿದ ಮಿತ್ರರೊಬ್ಬರನ್ನು ಕಾಡಿಸಿ ಕೇಳಿದೆವು. ಹೀಗೆ ತಿಳಿದುಕೊಂಡದ್ದನ್ನು ಈಗ ತಮ್ಮ ಮುಂದಿಡುತ್ತೇವೆ. ಆ ಗುಳಿಗೆಯ ಹೆಸರು ಒಂಡಾನ್ಸೆಟ್ರಾನ್.

ಮೊದಲು ವಾಂತಿಯ ವಿಚಾರ. ವಾಂತಿ ದೇಹದ ಕಾವಲುಗಾರ. ವಿಷವನ್ನು ತಿಂದಾಗ ಅದನ್ನು ಹೊರಗೆ ಹಾಕಿ ಪ್ರಾಣ ಉಳಿಸುವ ಏರ್ಪಾಡು. ನಮ್ಮ ಕರುಳಿನ ಒಳಮೈಯಲ್ಲಿ ವಿಶೇಷ ಜಾತಿಯ ಜೀವಕೋಶಗಳು ಅಲ್ಲಲ್ಲಿ ಕುಳಿತಿವೆ. ಅವುಗಳ ಹೊಟ್ಟೆಯಲ್ಲಿ ಸಿರೊಟೊನಿನ್ ಎಂಬ ವಸ್ತು ತುಂಬಿರುತ್ತದೆ. ಸಿರೊಟೊನಿನ್ ಎಂದರೆ ಮಿದುಳಿನ ವಸ್ತು, ಮನಸ್ಸಿನ ಸುಖದುಃಖಗಳ ವಸ್ತು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅದು ನಿಜವಾದರೂ ದೇಹದಲ್ಲಿರುವ ಸಿರೊಟೊನಿನ್ನಿನಲ್ಲಿ ೧೦೦ಕ್ಕೆ ಸುಮಾರು ೯೦ ಪಾಲು ಇರುವುದು ಕರುಳಿನಲ್ಲಿ. ಸಿಸ್‌ಪ್ಲಾಟಿನ್ನಿನಂಥ ಉಗ್ರವಾದ ಮದ್ದು ದೇಹಕ್ಕೆ ಹೋದಾಗ ಈ ಕೋಶಗಳು ಪೆಟ್ಟು ತಿಂದು ತಮ್ಮಲ್ಲಿದ್ದ ಸಿರೊಟೊನಿನ್ನನ್ನು ಚೆಲ್ಲುತ್ತವೆ. ಪಕ್ಕದಲ್ಲೇ ವೇಗಸ್ ಎಂಬ ದೊಡ್ಡ ನರದ ತುದಿಗಳಿವೆ. ಚೆಲ್ಲಿದ ಸಿರೊಟೊನಿನ್ ಆ ತುದಿಗಳನ್ನು ತಟ್ಟುತ್ತದೆ. ನರವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಆಜ್ಞೆ ಹೊರಟು ಹೊಟ್ಟೆ ತಿರುಚುತ್ತದೆ. ಈ ಮದ್ದನ್ನು ಕೊಟ್ಟಿರುವುದು ರೋಗ ವಾಸಿಯಾಗಲೆಂದು. ಆದರೆ ಕಾವಲುಗಾರನಿಗೆ ಅದು ಗೊತ್ತಿಲ್ಲ. ಅವನ ಮಟ್ಟಿಗೆ ಅದು ವಿಷ.

ಈ ಸಿರೊಟೊನಿನ್ನಿನ ಶೋಧದ ಕಥೆ ಎರಡು ಊರುಗಳಲ್ಲಿ ನಡೆಯಿತು. ಇಟಲಿಯ ಪಾವಿಯಾದಲ್ಲಿ ೧೯೩೦ರ ದಶಕದಲ್ಲಿ ವಿಯಾಲಿ ಮತ್ತು ಎರ್ಸ್‌ಪಾಮರ್ ಎಂಬ ವಿಜ್ಞಾನಿಗಳು ಜಠರ ಕರುಳುಗಳ ಒಳಮೈಯಲ್ಲಿ ಸ್ನಾಯುಗಳನ್ನು ಕುಗ್ಗಿಸುವ ಒಂದು ವಸ್ತುವನ್ನು ಕಂಡರು. ಅದಕ್ಕೆ ಕರುಳಿನದೆಂಬ ಅರ್ಥ ಬರುವಂತೆ ಎಂಟರಮೀನ್ ಎಂದು ಹೆಸರಿಟ್ಟರು. ಅತ್ತ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ಬೇರೊಂದು ಕಾರಣದಿಂದ ಹುಡುಕುತ್ತಿದ್ದರು. ಹೆಪ್ಪುಗಟ್ಟಿದ ರಕ್ತದಿಂದ ಒಸರುವ ತಿಳಿಯಾದ ದ್ರವ ರಕ್ತನಾಳಗಳನ್ನು ಬಿಗಿಯುವುದೇಕೆ ಎಂಬುದು ಅವರ ಪ್ರಶ್ನೆ. ದನದ ರಕ್ತದಿಂದ ೧೯೪೮ರಲ್ಲಿ ಅವರು ಆ ವಸ್ತುವನ್ನು ಹರಳಾಗಿ ಬೇರ್ಪಡಿಸಿ ಸಿರೊಟೊನಿನ್ ಎಂದರು. ೧೯೪೯ರಲ್ಲಿ ಅದರ ರಚನೆ ತಿಳಿಯಿತು. ಎಂಟರಮೀನ್, ಸಿರೊಟೊನಿನ್ ಎರಡೂ ಒಂದೇ ಎಂದು ೧೯೫೨ರಲ್ಲಿ ಗೊತ್ತಾಯಿತು. ಒಬ್ಬನೇ ಮನುಷ್ಯನಿಗೆ ಊರಿನಲ್ಲಿ ಒಂದು ಹೆಸರು, ಗಿರಣಿಯ ಪುಸ್ತಕದಲ್ಲಿ ಇನ್ನೊಂದು ಹೆಸರು ಇರುವಂತೆ.

ಅದರ ರಚನೆ ಏನು? ಇಂಗಾಲದ ೧೦ ಪರಮಾಣು, ಜಲಜನಕದ ೧೨, ಸಾರಜನಕದ ೨, ಆಮ್ಲಜನಕದ ೧, ಇಷ್ಟು ಸೇರಿದರೆ ಸಿರೊಟೊನಿನ್ನಿನ ಒಂದು ಅಣು. ಆರು ಮೂಲೆಯ ಒಂದು ಉಂಗುರಕ್ಕೆ ಐದು ಮೂಲೆಯ ಇನ್ನೊಂದು ಉಂಗುರ ಬೆನ್ನು ಹಚ್ಚಿ ಕುಳಿತಿದೆಯೆಂದು ಭಾವಿಸಿರಿ. ಈ ಜೋಡಿಗೆ ಇಂಡೋಲ್ ಎಂದು ಹೆಸರು. ಇದರ ಒಂದು ಬದಿಯಲ್ಲಿ ಆಮ್ಲಜನಕವೂ ಜಲಜನಕವೂ ಕೂಡಿದ ಒಂದು ಕೊಂಡಿ. ಇನ್ನೊಂದು ಬದಿಯಲ್ಲಿ ಗಿಡ್ಡವಾದ ಬಾಲ. ಬಾಲದ ತುದಿಯಲ್ಲಿ ಸಾರಜನಕ. ಬೇಳೆಯಲ್ಲಿ ಹಾಲಿನಲ್ಲಿ ಇರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ.

ಇನ್ನು ಈ ಅಣು ನರವನ್ನು ತಟ್ಟುವುದು ಹೇಗೆ ಎಂಬುದು ಮುಖ್ಯ ವಿಷಯ. ಹಳೆಯ ಕಾಲದ ಗಿರಣಿಗಳಲ್ಲಿ ಹಿತ್ತಾಳೆ ಬಿಲ್ಲೆಗಳ ಪದ್ಧತಿ ಇದ್ದುದನ್ನು ಇಲ್ಲಿರುವ ಹಿರಿಯರು ಬಲ್ಲರು. ಬಾಗಿಲ ಬಳಿ ಒಂದು ಹಲಗೆ, ಹಲಗೆಯ ತುಂಬ ಮೊಳೆಗಳು. ಒಳಗೆ ಬರುವ ಕೆಲಸಗಾರ ತನ್ನ ನಂಬರಿನ ಬಿಲ್ಲೆಯನ್ನು ಮೊಳೆಗೆ ತೂಗುಹಾಕಬೇಕು. ಗುಮಾಸ್ತ ಅದನ್ನು ನೋಡಿ ಹಾಜರಿ ಹಾಕುವನು. ನರದ ತುದಿಯ ಮೇಲೂ ಇಂಥ ಮೊಳೆಗಳಿವೆ. ವಿಜ್ಞಾನಿಗಳು ಅವುಗಳನ್ನು ಗ್ರಾಹಕಗಳೆಂದು ಕರೆಯುತ್ತಾರೆ. ಸಿರೊಟೊನಿನ್ ಎಂಬ ಬಿಲ್ಲೆ ಬಂದು ಮೊಳೆಗೆ ಬಿದ್ದರೆ ಒಳಗೆ ಗಂಟೆ ಬಾರಿಸುತ್ತದೆ. ಈಗ ಯಾರೋ ಒಬ್ಬರು ಬಿಲ್ಲೆಯಷ್ಟೇ ಅಗಲದ, ನಂಬರಿಲ್ಲದ, ಬರಿಯ ತಗಡಿನ ಬಳೆಯನ್ನು ಅದೇ ಮೊಳೆಗೆ ತೂಗುಹಾಕಿದರೆಂದು ಇಟ್ಟುಕೊಳ್ಳಿ. ಅದರಲ್ಲಿ ನಂಬರಿಲ್ಲವಾದ್ದರಿಂದ ಗುಮಾಸ್ತ ಹಾಜರಿ ಹಾಕುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಆದರೆ ಮೊಳೆ ತುಂಬಿಹೋಯಿತು. ನಿಜವಾದ ಬಿಲ್ಲೆಗೆ ಜಾಗವಿಲ್ಲ. ತಡೆಯುವ ಔಷಧವೆಂದರೆ ಇಷ್ಟೇ. ಅದು ಸಿರೊಟೊನಿನ್ನನ್ನು ನಾಶ ಮಾಡುವುದಿಲ್ಲ. ಅದರ ಜಾಗದಲ್ಲಿ ತಾನು ಕುಳಿತು ಸುಮ್ಮನಿರುತ್ತದೆ.

ಸಿರೊಟೊನಿನ್ನಿಗೆ ಒಂದೇ ಬಗೆಯ ಮೊಳೆಯಲ್ಲ. ಒಟ್ಟು ೭ ಕುಟುಂಬಗಳಿವೆ. ಆರು ಕುಟುಂಬಗಳು ಕಚೇರಿಯ ಜವಾನನ ರೀತಿಯಲ್ಲಿ ಕೆಲಸ ಮಾಡುತ್ತವೆ. ಹೊರಗೆ ಬಂದ ಸುದ್ದಿಯನ್ನು ಒಳಗಿನ ಒಬ್ಬನಿಗೆ ಹೇಳಿ, ಅವನು ಮತ್ತೊಬ್ಬನಿಗೆ ಹೇಳಿ ಕಾರ್ಯ ನಡೆಯುತ್ತದೆ. ಮೂರನೆಯ ಕುಟುಂಬದ್ದು ಮಾತ್ರ ಬೇರೆ ರೀತಿ. ಅದು ಸ್ವತಃ ಒಂದು ಕೊಳವೆ. ಐದು ಪ್ರೋಟೀನು ತುಂಡುಗಳು ಹಲಗೆಗಳಂತೆ ಸುತ್ತಲೂ ನಿಂತು ಕೊಳವೆಯಾಗಿವೆ. ಸಿರೊಟೊನಿನ್ ಬಂದು ಕುಳಿತ ಕೂಡಲೇ, ಕ್ಷಣದ ಸಾವಿರದ ಕೆಲವು ಪಾಲಿನೊಳಗೆ, ಕೊಳವೆ ತೆರೆದು ಸೋಡಿಯಮ್ಮಿನ ವಿದ್ಯುತ್ ಕಣಗಳು ಒಳಗೆ ನುಗ್ಗುತ್ತವೆ, ನರ ಮಿಡಿಯುತ್ತದೆ. ನಡುವೆ ಜವಾನನಿಲ್ಲ, ತಡವಿಲ್ಲ. ವೇಗಸ್ ನರದ ತುದಿಯಲ್ಲೂ ಮಿದುಳಿನ ಬುಡದ ವಾಂತಿಯ ಠಾಣೆಯಲ್ಲೂ ಇರುವುದು ಈ ಮೂರನೆಯ ಬಗೆ. ಒಂಡಾನ್ಸೆಟ್ರಾನ್ ಹೋಗಿ ಕೂರುವುದು ಮುಖ್ಯವಾಗಿ ಇಲ್ಲಿಯೇ.

ಯಾವ ಮೊಳೆಯನ್ನು ತಡೆಯುತ್ತೇವೆ ಎಂಬುದರ ಮೇಲೆ ಫಲ ನಿಂತಿದೆ ಎಂಬುದಕ್ಕೆ ನಮ್ಮ ನಡುವಿನದೇ ಉದಾಹರಣೆ ಕೊಡುತ್ತೇವೆ. ಸೈಪ್ರೊಹೆಪ್ಟಡೀನ್ ಎಂಬ ಇನ್ನೊಂದು ಗುಳಿಗೆ ಇದೆ. ಮೈ ತುಂಬಿಕೊಳ್ಳಲಿ, ಹಸಿವಾಗಲಿ ಎಂದು ನಮ್ಮ ಹುಡುಗರು ಕೆಲವರು ಅಂಗಡಿಯಲ್ಲಿ ಕೇಳಿ ಕೊಂಡು ನುಂಗುವುದುಂಟು. ಅದೂ ಸಿರೊಟೊನಿನ್ ತಡೆಯುವ ಔಷಧವೇ. ಆದರೆ ಅದು ತಡೆಯುವುದು ಎರಡನೆಯ ಕುಟುಂಬವನ್ನು. ಜೊತೆಗೆ ಹಿಸ್ಟಮೀನ್ ಎಂಬ ಬೇರೊಂದು ವಸ್ತುವಿನ ಮೊಳೆಗಳನ್ನೂ ಮುಚ್ಚುತ್ತದೆ. ಇದರಿಂದ ಹಸಿವು ಹೆಚ್ಚುತ್ತದೆ, ತೂಕಡಿಕೆಯೂ ಹೆಚ್ಚುತ್ತದೆ. ರಾತ್ರಿ ಪಾಳಿಯಲ್ಲಿ ತಿರುಗುವ ಪಟ್ಟಿಯ ಪಕ್ಕದಲ್ಲಿ ನಿಲ್ಲುವವನಿಗೆ ತೂಕಡಿಕೆ ಎಂದರೆ ಕೈಬೆರಳಿನ ಮಾತು. ಡಾಕ್ಟರು ಹೇಳದೆ ಅದನ್ನು ನುಂಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಈ ಮೂರನೆಯ ಮೊಳೆ ಪತ್ತೆಯಾದ ರೀತಿಯನ್ನೂ ಸಂಕ್ಷೇಪವಾಗಿ ಹೇಳಬೇಕು. ೧೯೫೭ರಲ್ಲಿ ಎಡಿನ್‌ಬರೋದಲ್ಲಿ ಗ್ಯಾಡಮ್ ಎಂಬ ವಿಜ್ಞಾನಿಯೂ ಪಿಕರೆಲ್ಲಿ ಎಂಬ ಮಹಿಳೆಯೂ ಗಿನಿ ಹಂದಿಯ ಕರುಳಿನ ತುಂಡಿನ ಮೇಲೆ ಪ್ರಯೋಗ ಮಾಡಿದರು. ಸಿರೊಟೊನಿನ್ ಹಾಕಿದರೆ ಕರುಳು ಕುಗ್ಗುತ್ತಿತ್ತು. ಡೈಬೆಂಜಿಲಿನ್ ಎಂಬ ಔಷಧ ಆ ಕುಗ್ಗುವಿಕೆಯನ್ನು ಸ್ವಲ್ಪ ಮಟ್ಟಿಗೆ ತಡೆಯಿತು, ಪೂರ್ತಿ ತಡೆಯಲಿಲ್ಲ. ಮಾರ್ಫಿನ್ ಕೂಡ ಹಾಗೆಯೇ. ಎರಡೂ ಸೇರಿದರೆ ಮಾತ್ರ ಪೂರ್ತಿ. ಆದ್ದರಿಂದ ಗ್ರಾಹಕ ಒಂದೇ ಅಲ್ಲ, ಎರಡು ಬಗೆ ಇರಬೇಕೆಂದು ಅವರು ಊಹಿಸಿದರು. ಮಾರ್ಫಿನ್ ತಡೆದ ಬಗೆಯನ್ನೇ ಮುಂದೆ ೧೯೮೬ರಲ್ಲಿ ಮೂರನೆಯದೆಂದು ಪಟ್ಟಿ ಮಾಡಿದರು.

ಇದೇ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಬೇರೆ ಸಂಕಟ ನಡೆದಿತ್ತು. ಸಿಸ್‌ಪ್ಲಾಟಿನ್ನಿಗೆ ೧೯೭೮ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಡ್ಡೆ ಕರಗಿಸುವುದರಲ್ಲಿ ಬಹು ಸಮರ್ಥ. ಆದರೆ ವಾಂತಿ ತಡೆಯುವ ಔಷಧ ಕೊಡದಿದ್ದರೆ ೧೦೦ಕ್ಕೆ ೯೦ಕ್ಕಿಂತ ಹೆಚ್ಚು ಜನರಿಗೆ ವಾಂತಿ. ೧೯೮೧ರಲ್ಲಿ ನ್ಯೂಯಾರ್ಕಿನ ವೈದ್ಯರು ಮೆಟೊಕ್ಲೋಪ್ರಮೈಡ್ ಎಂಬ ಹಳೆಯ ಔಷಧವನ್ನು ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. ವಾಂತಿ ಕಡಿಮೆಯಾಯಿತು. ಆದರೆ ಆ ಔಷಧ ಡೋಪಮೀನ್ ಎಂಬ ಬೇರೆ ವಸ್ತುವಿನ ಮೊಳೆಗಳನ್ನು ಮುಚ್ಚುವುದರಿಂದ ಕೆಲವರ ಕತ್ತು ದವಡೆಗಳು ಸೆಟೆದುಕೊಳ್ಳುತ್ತಿದ್ದವು. ಕಡಿಮೆ ಪ್ರಮಾಣದಲ್ಲಿ ಆಗದ್ದು ಹೆಚ್ಚಿನ ಪ್ರಮಾಣದಲ್ಲಿ ಹೇಗಾಯಿತೆಂದು ಹುಡುಕಿದಾಗ, ಹೆಚ್ಚಾಗಿ ಕೊಟ್ಟರೆ ಅದು ಸಿರೊಟೊನಿನ್ನಿನ ಮೂರನೆಯ ಮೊಳೆಯನ್ನೂ ಸ್ವಲ್ಪ ಮುಚ್ಚುತ್ತದೆ ಎಂಬ ಸುಳಿವು ಸಿಕ್ಕಿತು. ಹಾಗಾದರೆ ಆ ಮೂರನೆಯದನ್ನು ಮಾತ್ರ ಮುಚ್ಚುವ ಔಷಧ ಸಿಕ್ಕರೆ? ೧೯೮೬ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯಗಳಲ್ಲಿ ಅದನ್ನು ಪರೀಕ್ಷಿಸಿದರು. ಇಲಿಗೆ ವಾಂತಿ ಮಾಡುವ ಶಕ್ತಿಯೇ ಇಲ್ಲವಾದ್ದರಿಂದ ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯನ್ನು ಬಳಸಿದರು. ಸಿಸ್‌ಪ್ಲಾಟಿನ್ ಕೊಟ್ಟರೂ ಅದಕ್ಕೆ ವಾಂತಿ ತಡೆಯಿತು. ಗ್ಲಾಕ್ಸೊ ಕಂಪನಿಯ ರಸಾಯನಜ್ಞರು ತಯಾರಿಸಿದ ಒಂಡಾನ್ಸೆಟ್ರಾನ್ ಈ ಹುಡುಕಾಟದ ಫಲ. ಅದಕ್ಕೆ ೧೯೯೧ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ನಮ್ಮ ದೇಶದ ಪಟ್ಟಿಯಲ್ಲೂ ಇದೆ.

ಅದರ ರಸಾಯನವನ್ನು ನೋಡೋಣ. ಇಂಗಾಲ ೧೮, ಜಲಜನಕ ೧೯, ಸಾರಜನಕ ೩, ಆಮ್ಲಜನಕ ೧. ಆರು, ಐದು, ಆರು ಮೂಲೆಗಳ ಮೂರು ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿವೆ. ಈ ಮೂರರಲ್ಲಿ ಮೊದಲ ಎರಡನ್ನು ನೋಡಿದರೆ, ಹಿಂದೆ ಹೇಳಿದ ಸಿರೊಟೊನಿನ್ನಿನ ಇಂಡೋಲ್ ಜೋಡಿಯೇ! ಮೂರನೆಯ ಉಂಗುರದ ಮೇಲೆ ಆಮ್ಲಜನಕ ಕುಳಿತಿದೆ. ಅದೇ ಉಂಗುರದಿಂದ ಒಂದು ಇಂಗಾಲದ ಕೊಂಡಿಯ ಮೂಲಕ, ಎರಡು ಸಾರಜನಕವಿರುವ ಐದು ಮೂಲೆಯ ಇನ್ನೊಂದು ಚಿಕ್ಕ ಉಂಗುರ ತೂಗುತ್ತಿದೆ. ಸಿರೊಟೊನಿನ್ನಿನ ಬಾಲದ ತುದಿಯಲ್ಲಿ ಸಾರಜನಕ ಇರುವ ಕಡೆಯಲ್ಲೇ ಇಲ್ಲಿಯೂ ಸಾರಜನಕ ಬರುವಂತಾಗಿದೆ. ಆದಕಾರಣ ಮೊಳೆಗೆ ಇದು ನೆಂಟನಂತೆ ಕಾಣುತ್ತದೆ, ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಗಾತ್ರದಲ್ಲಿ ದೊಡ್ಡದು. ಸಿರೊಟೊನಿನ್ನಿನ ಅಣುತೂಕ ೧೭೬, ಇದರದು ೨೯೩. ಹೋಗಿ ಕುಳಿತರೂ ಕೊಳವೆಯನ್ನು ತೆರೆಯುವ ತಿರುವು ಇದರಿಂದ ಆಗುವುದಿಲ್ಲ. ನೀರಿನಲ್ಲಿ ಕರಗಲೆಂದು ಇದನ್ನು ಲವಣವಾಗಿ ಮಾಡಿ ಗುಳಿಗೆ ಕಟ್ಟುತ್ತಾರೆ. ಪಟ್ಟಿಯ ಮೇಲೆ ೮ ಮಿಲಿಗ್ರಾಂ ಎಂದಿದ್ದರೆ ಒಳಗಿರುವ ಲವಣ ೧೦ ಮಿಲಿಗ್ರಾಂ. ಅದರಲ್ಲಿ ನಿಜವಾದ ಔಷಧ ೮.

ಈಗ ನಮ್ಮ ತಪ್ಪು ಎಲ್ಲಿತ್ತೆಂದು ತಮಗೆ ತಾನಾಗಿಯೇ ಹೊಳೆದಿರಬೇಕು. ತಗಡಿನ ಬಳೆಗಳನ್ನು ತೂಗುಹಾಕಬೇಕಾದ್ದು ಪಾಳಿಯ ಜನ ಒಳಗೆ ನುಗ್ಗುವ ಮುಂಚೆ. ಬಿಲ್ಲೆಗಳೆಲ್ಲ ಮೊಳೆಗೆ ಬಿದ್ದು, ಗಂಟೆ ಬಾರಿಸಿ, ಹೊಟ್ಟೆ ತಿರುಚಲು ತೊಡಗಿದ ಮೇಲೆ ಬಳೆಗಳನ್ನು ಹಿಡಿದು ಬಂದರೆ ಅವು ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದಲ್ಲದೆ ಬಳೆ ಮೊಳೆಯ ಮೇಲೆ ಶಾಶ್ವತವಾಗಿ ನಿಲ್ಲುವುದಿಲ್ಲ. ದೇಹದಲ್ಲಿ ಈ ಔಷಧ ಸುಮಾರು ೩ರಿಂದ ೬ ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಅ‌ಷ್ಟೇ ಹೊತ್ತಿಗೆ ಕಾಲಿಗೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೊಟ್ಟದ್ದರ ಬಲ ಸಂಜೆಗೆ ಕುಗ್ಗುತ್ತದೆ. ಸಿಸ್‌ಪ್ಲಾಟಿನ್ನಿನ ಹಾವಳಿಯಾದರೋ ಒಂದು ದಿನವಿಡೀ ನಡೆಯುತ್ತದೆ. ಸಂಜೆ ಆ ತಾಯಿ ಚೆನ್ನಾಗಿದ್ದದ್ದು ಗುಳಿಗೆ ಬೇಡವೆಂಬುದರ ಗುರುತಲ್ಲ. ಬೆಳಗಿನ ಔಷಧ ಇನ್ನೂ ಕಾವಲಿತ್ತು ಎಂಬುದರ ಗುರುತು. ಆ ಹೊತ್ತಿನಲ್ಲಿ ಒಂದು ಗುಳಿಗೆ ನುಂಗಿದ್ದರೆ ಕಾವಲು ಮುಂದುವರಿಯುತ್ತಿತ್ತು. ‘ವಾಂತಿ ಬಂದರೆ ಒಂದು’ ಎಂಬ ನಮ್ಮ ಮೂರು ಪದಗಳು ಆ ಕಾವಲನ್ನು ತೆಗೆದುಹಾಕಿದವು.

ಔಷಧವನ್ನು ಹೊಗಳಿ ಮಿತಿಯನ್ನು ಮುಚ್ಚಿಟ್ಟರೆ ಅದೂ ತಪ್ಪಾದೀತು. ಈ ಗುಳಿಗೆ ಗಡ್ಡೆಯನ್ನು ವಾಸಿ ಮಾಡುವುದಿಲ್ಲ. ವಾಸಿ ಮಾಡುವ ಮದ್ದನ್ನು ತಾಳಿಕೊಳ್ಳುವಂತೆ ಮಾಡುತ್ತದೆ. ಎಲ್ಲರಿಗೂ ಪೂರ್ತಿ ಗುಣ ಸಿಗುವುದಿಲ್ಲ. ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಔಷಧವನ್ನು ಕೂಡಿಸಿದರೆ ಫಲ ಹೆಚ್ಚು. ಮದ್ದು ಏರಿಸಿದ ಎರಡನೆಯ ಮೂರನೆಯ ದಿನ ಬರುವ ವಾಂತಿಯಲ್ಲಿ ಸಿರೊಟೊನಿನ್ನಿನ ಪಾಲು ಕಡಿಮೆ; ಅಲ್ಲಿ ಬೇರೆ ವಸ್ತುವಿನ ಕೈವಾಡವಿದೆ; ಅದನ್ನು ತಡೆಯುವ ಅಪ್ರಿಪಿಟೆಂಟ್ ಎಂಬ ಔಷಧ ೨೦೦೩ರಲ್ಲಿ ಬಂತು. ಆದ್ದರಿಂದ ಮೂರನೆಯ ದಿನ ಓಕರಿಕೆ ಬಂದರೆ ಗುಳಿಗೆ ಸುಳ್ಳೆಂದು ತಿಳಿದು ಊರಿಗೆ ಹೊರಡಬೇಡಿ, ಡಾಕ್ಟರಿಗೆ ಹೇಳಿರಿ. ಬಸ್ಸಿನಲ್ಲಿ ಘಾಟಿ ಹತ್ತುವಾಗ ಬರುವ ವಾಂತಿಗೆ ಇದು ಉಪಯೋಗಕ್ಕೆ ಬಾರದು. ಅದರ ದಾರಿಯೇ ಬೇರೆ, ಅದು ಕಿವಿಯ ಒಳಗಿನಿಂದ ಹೊರಡುತ್ತದೆ. ತಲೆನೋವು ಬರಬಹುದು. ಮಲಬದ್ಧತೆ ಆಗಬಹುದು, ಏಕೆಂದರೆ ಕರುಳನ್ನು ನಡೆಸುವುದರಲ್ಲೂ ಸಿರೊಟೊನಿನ್ನಿನ ಕೈ ಇದೆಯಲ್ಲ, ಅದನ್ನು ತಡೆದರೆ ಕರುಳಿನ ನಡಿಗೆ ನಿಧಾನವಾಗುತ್ತದೆ. ಪ್ರಮಾಣ ಮೀರಿದರೆ ಹೃದಯದ ಬಡಿತದ ಲಯ ಕೆಡುವ ಅಪಾಯವಿದೆ. ಈ ಕಾರಣದಿಂದಲೇ ೩೨ ಮಿಲಿಗ್ರಾಮನ್ನು ಒಂದೇ ಸಲ ರಕ್ತಕ್ಕೆ ಕೊಡಬಾರದೆಂದು ಅಮೆರಿಕದ ಅಧಿಕಾರಿಗಳು ೨೦೧೨ರಲ್ಲಿ ಎಚ್ಚರಿಸಿದರು. ಹೃದಯದ ತೊಂದರೆ ಇರುವವರು, ಬೇರೆ ಗುಳಿಗೆ ನುಂಗುತ್ತಿರುವವರು ಮೊದಲೇ ಡಾಕ್ಟರಿಗೆ ತಿಳಿಸತಕ್ಕದ್ದು.

ಸಿರೊಟೊನಿನ್ನಿನ ವಿಚಾರದಲ್ಲಿ ನಮ್ಮ ನಾಡಿನ ಒಂದು ಬೇರಿಗೂ ಪಾತ್ರವಿದೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರು ಚಿತ್ತಭ್ರಮೆಗೂ ರಕ್ತದ ಒತ್ತಡಕ್ಕೂ ಆಗಿಬರುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು ೧೯೪೯ರಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ರಕ್ತದೊತ್ತಡದ ಮೇಲೆ ಅದರ ಗುಣವನ್ನು ಪ್ರಕಟಿಸಿದ ಮೇಲೆ ಲೋಕದ ಕಣ್ಣು ಇತ್ತ ತಿರುಗಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಆ ಸತ್ತ್ವ ಕೊಟ್ಟಾಗ ದೇಹದ ಸಿರೊಟೊನಿನ್ ಉಗ್ರಾಣ ಬರಿದಾಗುತ್ತದೆ ಎಂದು ೧೯೫೫ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದರು. ರಿಸರ್ಪಿನ್ ಮೊಳೆಯನ್ನು ಮುಚ್ಚುವುದಲ್ಲ, ಬಿಲ್ಲೆಗಳ ಪೆಟ್ಟಿಗೆಯನ್ನೇ ಖಾಲಿ ಮಾಡುವುದು. ಮನಸ್ಸಿಗೂ ರಸಾಯನಕ್ಕೂ ಸಂಬಂಧವಿದೆಯೆಂದು ಜಗತ್ತಿಗೆ ತೋರಿಸಿಕೊಟ್ಟ ಮೊದಲ ಔಷಧಗಳಲ್ಲಿ ಅದೂ ಒಂದು.

ಈ ಊರಿನ ಹೆಸರನ್ನೂ ಹೇಳದಿದ್ದರೆ ಕೃತಘ್ನರಾಗುತ್ತೇವೆ. ಕ್ಯಾನ್ಸರ್ ಎಂದರೆ ಮನೆಗೆ ಕಳಿಸುವ ರೋಗವೆಂದು ಎಲ್ಲರೂ ಕೈಚೆಲ್ಲಿದ್ದ ಕಾಲದಲ್ಲಿ, ತಂಗಿಯನ್ನು ಅದೇ ರೋಗದಿಂದ ಕಳೆದುಕೊಂಡ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ಕಟ್ಟಿದರು. ೧೯೫೨ರ ಅಕ್ಟೋಬರಿನಲ್ಲಿ ನೆಹರೂ ಅಸ್ತಿಭಾರ ಹಾಕಿದರು; ೧೯೫೪ರ ಜೂನಿನಲ್ಲಿ ೧೨ ಹಾಸಿಗೆಗಳಿಂದ ಕೆಲಸ ಆರಂಭವಾಯಿತು. ೧೯೫೫ರಲ್ಲಿ ಅಲ್ಲಿಗೆ ಸೇರಿದ ಡಾಕ್ಟರ್ ಶಾಂತಾ ಅವರು ೨೦೨೧ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದದ್ದು ೧೯೭೩ರಲ್ಲಿ. ಹೀಗೆ ದೊಡ್ಡವರು ಆಸ್ಪತ್ರೆ ಕಟ್ಟಿದ್ದಾರೆ, ರಸಾಯನಜ್ಞರು ಗುಳಿಗೆ ಕಟ್ಟಿದ್ದಾರೆ. ಆಸ್ಪತ್ರೆಯ ಬಾಗಿಲಿಗೂ ರೋಗಿಯ ಬಾಯಿಗೂ ನಡುವೆ ಉಳಿದಿರುವುದು ಒಂದು ಚೀಟಿ. ಅದನ್ನು ಸರಿಯಾಗಿ ಓದುವ ಕೆಲಸ ನಮ್ಮಂಥವರದು.

ಆದಕಾರಣ ವಾಚನಾಲಯದ ಕಾರ್ಯಕರ್ತರೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಔಷಧದ ಚೀಟಿ ಬಂದರೆ ಊಹೆಯಿಂದ ಒಂದು ಅಕ್ಷರವನ್ನೂ ಬರೆಯಕೂಡದು. ಸಂದೇಹವಿದ್ದರೆ ಬರೆದ ಡಾಕ್ಟರನ್ನೋ ಔಷಧ ಕೊಟ್ಟ ಅಂಗಡಿಯವರನ್ನೋ ಕೇಳಿಯೇ ಬರೆಯುವುದು. ಬರೆಯುವಾಗ ‘ದಿನಕ್ಕೆ ಎರಡು’ ಎಂದು ಬಿಡದೆ ಎಷ್ಟು ಗಂಟೆಗೆ, ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ, ತೊಂದರೆ ಇಲ್ಲದಿದ್ದರೂ ನುಂಗಬೇಕೋ ಎಂಬ ನಾಲ್ಕನ್ನೂ ಕನ್ನಡದಲ್ಲಿ ಬರೆಯುವುದು. ಓದು ಬಾರದವರಿಗೆ ಸೂರ್ಯ ಚಂದ್ರರ ಚಿತ್ರ ಹಾಕಿಕೊಡುವುದು. ತಾವೂ ಡಾಕ್ಟರ ಮುಂದೆ ಸಂಕೋಚಪಡದೆ ಈ ನಾಲ್ಕನ್ನು ಕೇಳಿಕೊಂಡು ಬರಬೇಕೆಂದು ಪ್ರಾರ್ಥನೆ. ಭಾಷೆ ಬಾರದಿದ್ದರೆ ನಮ್ಮಲ್ಲಿ ಒಬ್ಬರು ಜೊತೆಗೆ ಬರುತ್ತೇವೆ.

ಆ ತಾಯಿ ಈಗ ಊರಿನಲ್ಲಿದ್ದಾರೆ. ತಪಾಸಣೆಗೆಂದು ಬಂದಾಗ ಗಂಡಹೆಂಡಿರಿಬ್ಬರೂ ಇಲ್ಲಿಗೂ ಬಂದು, ಜೋಳದ ರೊಟ್ಟಿ ಶೇಂಗಾ ಚಟ್ನಿಯ ಗಂಟನ್ನು ಈ ಮೇಜಿನ ಮೇಲೆ ಇಟ್ಟು ಹೋದರು. ಮುಂದಿನ ತಪಾಸಣೆಯ ದಿನಾಂಕವನ್ನು ನಮ್ಮ ಕೈಯಲ್ಲೇ ಬರೆಸಿಕೊಂಡರು. ಬರೆದದ್ದನ್ನು ಈ ಸಲ ಎರಡು ಬಾರಿ ಓದಿ ನೋಡಿ ಕೊಟ್ಟೆವು.